ಮುಳ್ಳಣ್ಣನ ಉಸಿರು

ನನ್ನ ಗಂಡನ ಬಗ್ಗೆ ಹೇಳಬೇಕೆಂದರೆ ಅವರ ಉಸಿರಿನಿಂದಲೇ ಶುರುಮಾಡಬೇಕು. ಬೇರೆ ಹೆಂಗಸರು ಗಂಡನ ಕೋಪದ ಬಗ್ಗೆ ಹೇಳಿಕೊಳ್ಳುತ್ತಾರೆ, ಗೊರಕೆಯ ಬಗ್ಗೆ ಹೇಳಿಕೊಳ್ಳುತ್ತಾರೆ. ನನ್ನ ಪಾಲಿಗೆ ಬಂದದ್ದು ಉಸಿರು. ಅದೂ ಬಿಡುವ ಉಸಿರಲ್ಲ, ಹಿಡಿದುಕೊಂಡ ಉಸಿರು.

ಅವರು ಗಡಿಯಾರ ರಿಪೇರಿ ಮಾಡುವವರು. ಇಬ್ಬರು ಅಡ್ಡ ಮಲಗಿದರೆ ತುಂಬಿಹೋಗುವಷ್ಟು ಅಂಗಡಿ ನಮ್ಮದು. ಎಡಗಡೆ ಅವರ ಗಾಜಿನ ಮೇಜು, ಬಲಗಡೆ ನನ್ನ ಹೊಲಿಗೆ ಯಂತ್ರ. ನಾನು ಪ್ಯಾಂಟಿನ ಉದ್ದ ಇಳಿಸುತ್ತೇನೆ, ಕಿತ್ತುಹೋದ ಜಿಪ್ಪು ಬದಲಿಸುತ್ತೇನೆ, ದಪ್ಪಗಾದವರ ಬಟ್ಟೆ ಬಿಚ್ಚಿ ಅವರ ಮಾನ ಕಾಯುತ್ತೇನೆ. ಮೊದಲು ನಡುವೆ ಒಂದು ಪರದೆ ಇತ್ತು. ಮದುವೆಯಾದ ಮೂರನೇ ವರ್ಷ ನಾನೇ ಅದನ್ನು ಕಿತ್ತು ಯಾರದೋ ಕೋಟಿನ ಒಳಗೆ ಅಸ್ತರು ಹಾಕಿಬಿಟ್ಟೆ. ಪರದೆ ಹೋದದ್ದು ಅವರಿಗೆ ಗೊತ್ತಾದದ್ದು ಒಂದು ವಾರದ ಮೇಲೆ.

ಬೀದಿಯವರು ಅವರನ್ನು ಮುಳ್ಳಣ್ಣ ಎನ್ನುತ್ತಾರೆ. ಗಡಿಯಾರದ ಮುಳ್ಳು ಕೂರಿಸುವುದರಲ್ಲಿ ಅವರದು ಎತ್ತಿದ ಕೈ, ಅದಕ್ಕೆ. ಯಾರಿಗೂ ಒಂದು ಗಟ್ಟಿ ಮಾತು ಆಡದ ಮನುಷ್ಯನಿಗೆ ಇಟ್ಟ ಹೆಸರು ನೋಡಿ. ಆ ಹೆಸರು ನಿಜವಾಗಿ ಸಲ್ಲಬೇಕಾದದ್ದು ನನಗೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಬಾಯಿಗೆ ಬೀಗವಿಲ್ಲ.

ಮದುವೆಯಾದ ಹೊಸತು. ಮೊದಲ ವಾರ ಅಂಗಡಿಗೆ ಬಂದು ಕೂತಿದ್ದೆ. ಇವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು ಮೇಜಿನ ಮೇಲೆ ಬಾಗಿದ್ದರು. ನೋಡುತ್ತೇನೆ, ಬೆನ್ನು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕಾದೆ. ಇಲ್ಲ. "ರೀ" ಎಂದು ಕಿರುಚಿದೆ ನೋಡಿ, ಚಿಮಟದ ತುದಿಯಲ್ಲಿದ್ದ ಸ್ಪ್ರಿಂಗು ಎಲ್ಲಿಗೋ ಹಾರಿತು. ಕೂದಲಿಗಿಂತ ಸಣ್ಣದು. ಮಧ್ಯಾಹ್ನವಿಡೀ ಇಬ್ಬರೂ ನೆಲದ ಮೇಲೆ ಮಂಡಿಯೂರಿ ಹುಡುಕಿದೆವು. ಬೈಯಲಿಲ್ಲ. ಸಂಜೆ ಸಿಕ್ಕಾಗ "ಸಿಕ್ತು ಕಣೇ" ಎಂದರು, ಅಷ್ಟೇ. ಅವತ್ತೇ ನನಗೆ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದು. ಅವರಿಗೆ ಇದುವರೆಗೂ ಹೇಳಿಲ್ಲ.

ಆಮೇಲೆ ವಿವರಿಸಿದರು. ಸ್ಪ್ರಿಂಗು ಕೂರಿಸುವಾಗ ಉಸಿರು ಬಿಟ್ಟರೆ ಕೈ ಅಲುಗುತ್ತದೆ. ಉಸಿರನ್ನು ಬಿಗಿಹಿಡಿದರೂ ಅಲುಗುತ್ತದೆ, ಎದೆ ಸೆಟೆದುಕೊಳ್ಳುತ್ತದಲ್ಲ. ಆದ್ದರಿಂದ ಬಿಗಿಹಿಡಿಯಬಾರದು, ಸುಮ್ಮನೆ ನಿಲ್ಲಿಸಬೇಕು. ಇದನ್ನು ಕಲಿಸಿದವರು ನನ್ನ ಮಾವ. ಅವರು ಮಗನ ಮೂಗಿನ ಮುಂದೆ ತೆಳು ಕಾಗದದ ಚೂರೊಂದನ್ನು ದಾರದಲ್ಲಿ ತೂಗುಹಾಕಿ, ಅದು ಅಲ್ಲಾಡಬಾರದು, ಮುಖದಲ್ಲೂ ಏನೂ ಕಾಣಬಾರದು ಎಂದು ಗಂಟೆಗಟ್ಟಲೆ ಕೂರಿಸುತ್ತಿದ್ದರಂತೆ. ಸ್ಪ್ರಿಂಗು ಕೂರುವವರೆಗೆ ತುಟಿ ಪಿಟಕ್ಕೆನ್ನಬಾರದು ಎಂಬುದು ಮಾವನ ಇನ್ನೊಂದು ಕಟ್ಟಳೆ. ನನಗೋ ಎಣಿಸುವ ಚಾಳಿ ಅಂಟಿಕೊಂಡಿತು. ಯಂತ್ರ ತುಳಿಯುತ್ತಲೇ ಎಣಿಸುತ್ತಿದ್ದೆ. ಮೂವತ್ತು, ಮೂವತ್ತೈದು. ಬಿಟ್ಟದ್ದೂ ಕೇಳಿಸುತ್ತಿರಲಿಲ್ಲ.

ಹೀಗೆ ಇಪ್ಪತ್ತೊಂದು ವರ್ಷ ಕಳೆದವು.

ನಮ್ಮ ಅಂಗಡಿಯ ಶಟರು ಒಂದು ವರ್ಷದಿಂದ ಸಿಕ್ಕಿಕೊಳ್ಳುತ್ತಿತ್ತು. ಎಣ್ಣೆ ಹಾಕಿ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತು. ಊರವರ ಗಡಿಯಾರಕ್ಕೆಲ್ಲ ಸೂಜಿಮೊನೆಯಲ್ಲಿ ಎಣ್ಣೆ ಬಿಡುವ ಮಹಾರಾಯರಿಗೆ ಸ್ವಂತ ಶಟರಿಗೆ ಹಾಕಲು ಪುರುಸೊತ್ತಿಲ್ಲ. ಆ ದಿನ ಬೆಳಿಗ್ಗೆ ಬಾಗಿ ಎರಡೂ ಕೈಯಿಂದ ಹಿಡಿದು ತಿಣುಕಿ ಎತ್ತಿದರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಶಟರು ಅರ್ಧಕ್ಕೆ ಹೋಯಿತು. ನನ್ನ ಕಡೆ ತಿರುಗಿ ಏನೋ ಹೇಳಿದರು. ಅದು ಮಾತಾಗಿರಲಿಲ್ಲ. ಬಾಯಿಯ ಒಂದು ಮೂಲೆ ಕೆಳಗೆ ಜಾರಿತ್ತು. ಬಲಗೈ ಬೆರಳಿಗೆ ಸಿಕ್ಕಿಸಿಕೊಂಡಿದ್ದ ಬೀಗದ ಕೈ ಗೊಂಚಲು ಕೆಳಗೆ ಬಿತ್ತು. ಅದು ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ.

ಪಕ್ಕದ ಔಷಧಿ ಅಂಗಡಿಯಣ್ಣ ಒಮ್ಮೆ ನೋಡಿದವನೇ, "ಅತ್ತಿಗೆ, ಸ್ಟ್ರೋಕು. ಕೂರಿ ನನ್ನ ಕಾರಲ್ಲಿ" ಎಂದ. ನಾನು ನೀರು ಕುಡಿಸಲು ಹೋದರೆ, ಗಂಟಲಿಗೆ ಸಿಕ್ಕೀತು ಎಂದು ಕೈ ಹಿಡಿದು ತಡೆದ. ಅವನ ಪುಣ್ಯ, ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆವು. ಮೆದುಳಿನ ರಕ್ತನಾಳದಲ್ಲಿ ರಕ್ತದ ಹೆಪ್ಪೊಂದು ಸಿಕ್ಕಿಕೊಂಡಿದೆ ಎಂದರು, ಅದನ್ನು ಕರಗಿಸುವ ಇಂಜೆಕ್ಷನ್ ಕೊಟ್ಟರು. ಸಂಜೆಗೆ ಬಲಗೈ ಬೆರಳು ಅಲ್ಲಾಡಿತು. ಮರುದಿನ "ಕಣೇ" ಎಂದರು. ಇಪ್ಪತ್ತೊಂದು ವರ್ಷ ಕೇಳಿದ ಮಾತು, ಅವತ್ತು ಕೇಳಿ ನಾನು ಆಸ್ಪತ್ರೆಯ ಪರದೆ ಹಿಂದೆ ನಿಂತು ಅತ್ತೆ.

ಅಲ್ಲಿಂದ ಕಾರಣ ಹುಡುಕುವ ಕೆಲಸ ಹತ್ತಿತು. ನರರೋಗದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿಂತಲ್ಲಿ ನಿಲ್ಲುವವರಲ್ಲ. ಬಿಪಿ ಇಲ್ಲ, ಸಕ್ಕರೆ ಇಲ್ಲ, ಬೀಡಿ ಸಿಗರೇಟು ಇಲ್ಲ, ನಲವತ್ತಾರೇ ವಯಸ್ಸು. ಕತ್ತಿನ ರಕ್ತನಾಳ ಶುಭ್ರವಾಗಿತ್ತು. ಎದೆಗೆ ವೈರು ಅಂಟಿಸಿ ದಿನವಿಡೀ ಬಡಿತ ನೋಡಿದರು, ಅದೂ ಸರಿಯಾಗಿತ್ತು.

"ಹೆಪ್ಪು ಎಲ್ಲಿಂದ ಬಂತು ಅಂತ ಗೊತ್ತಾಗ್ಬೇಕಮ್ಮ," ಎಂದರು ಡಾಕ್ಟರಮ್ಮ. "ಗೊತ್ತಾಗದೆ ಹೋದ್ರೆ ಇನ್ನೊಂದು ಬರದ ಹಾಗೆ ತಡೆಯೋದು ಕಷ್ಟ. ಮುಂದಿನ ಸಲ ಇಷ್ಟು ಬೇಗ ಆಸ್ಪತ್ರೆಗೆ ಬರೋಕಾಗುತ್ತೋ ಇಲ್ವೋ."

ಆ ಮಾತು ನನ್ನ ಎದೆಯಲ್ಲಿ ಬಂದು ಕೂತಿತು. ಮುಂದಿನ ಸಲ. ಆಮೇಲೆ ನಾನು ಏನು ತಿಂದೆನೋ, ಯಾರಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಅವರ ಬಲಗೈ ಬೆರಳುಗಳನ್ನೇ ನೋಡುತ್ತ ಕೂತಿದ್ದೆ.

ಕೊನೆಗೆ ಉಳಿದದ್ದು ಎಕೋ, ಎದೆಗೆ ಹಿಡಿಕೆಯೊಂದನ್ನು ಒತ್ತಿ ಹೃದಯದ ಒಳಗನ್ನು ಪರದೆಯ ಮೇಲೆ ನೋಡುವ ಪರೀಕ್ಷೆ. ಅದನ್ನು ಮಾಡುವವರು ಐವತ್ತರ ಹತ್ತಿರದ ಹೆಂಗಸು, ಆಸ್ಪತ್ರೆಗೆಲ್ಲ ಎಕೋ ಅಕ್ಕ. ವರ್ಷಗಟ್ಟಲೆ ಯಂತ್ರದ ಹಿಡಿಕೆ ಒತ್ತಿ ಒತ್ತಿ ಅವರ ಬಲಭುಜ ಸ್ವಲ್ಪ ಇಳಿದುಹೋಗಿತ್ತು. ಹೊಲಿಯುವವಳ ಕಣ್ಣಿಗೆ ಇಂಥದ್ದು ಬೇಗ ಕಾಣುತ್ತದೆ, ಇವರ ರವಿಕೆಗೆ ಬಲಗಡೆ ಅರ್ಧ ಇಂಚು ಕಡಿಮೆ ಇಡಬೇಕು ಅನ್ನಿಸಿತು. ಎದೆಗೆ ಹಚ್ಚುವ ಜೆಲ್ಲಿನ ಬಾಟಲಿಯನ್ನು ಒಂದು ಲೋಟ ಬಿಸಿನೀರಿನಲ್ಲಿ ನಿಲ್ಲಿಸಿದ್ದರು. ತಣ್ಣಗಿದ್ದರೆ ಜನ ಬೆಚ್ಚಿಬೀಳುತ್ತಾರಂತೆ. ಒಳ್ಳೆಯವರು ಅಂದುಕೊಂಡೆ. ನನ್ನನ್ನು ಹೊರಗೆ ಕೂರಿಸಿದರು.

ಒಳಗೆ ನಡೆದದ್ದನ್ನು ಆಮೇಲೆ ತಿಳಿದುಕೊಂಡೆ. ನರ್ಸು ಉಪ್ಪುನೀರಿಗೆ ಒಂದಿಷ್ಟು ಗಾಳಿ ಸೇರಿಸಿ, ಒಂದು ಸಿರಿಂಜಿನಿಂದ ಇನ್ನೊಂದಕ್ಕೆ ಹಿಂದೆ ಮುಂದೆ ತಳ್ಳಿ ನೊರೆಯೆಬ್ಬಿಸಿ ತೋಳಿನ ನರಕ್ಕೆ ಚುಚ್ಚುತ್ತಾಳೆ. ಸಣ್ಣ ಗುಳ್ಳೆಗಳು ಹೃದಯದ ಬಲಭಾಗಕ್ಕೆ ಬರುತ್ತವೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಮಾಯವಾಗುತ್ತವೆ. ಎಡಭಾಗದಲ್ಲಿ ಕಾಣಬಾರದು. ಕಂಡರೆ ನಡುವಿನ ಗೋಡೆಯಲ್ಲಿ ತೂತಿದೆ ಎಂದರ್ಥ. ಗುಳ್ಳೆ ದಾಟುವ ಜಾಗದಲ್ಲಿ ಹೆಪ್ಪೂ ದಾಟೀತು, ದಾಟಿದರೆ ನೆಟ್ಟಗೆ ಮೆದುಳಿಗೆ ಹೋದೀತು. ಆದರೆ ಕೆಲವರಲ್ಲಿ ಆ ತೂತು ಸುಮ್ಮನಿದ್ದಾಗ ಮುಚ್ಚಿಕೊಂಡೇ ಇರುತ್ತದೆ, ತಿಣುಕಿ ಉಸಿರು ಬಿಟ್ಟಾಗ ಮಾತ್ರ ತೆರೆಯುತ್ತದೆ. ಅದಕ್ಕೆ ಎಕೋ ಅಕ್ಕ, "ಉಸಿರು ಹಿಡಿದು ಬಾತ್‌ರೂಮಲ್ಲಿ ತಿಣುಕ್ತೀರಲ್ಲ, ಹಾಗೆ ತಿಣುಕಿ. ನಾನು ಬಿಡಿ ಅಂದಾಗ ಬಿಡಿ" ಎಂದಿದ್ದಾರೆ.

ಇವರು ಹಿಡಿದಿದ್ದಾರೆ. ಬಿಡಿ ಎಂದಾಗ ಬಿಟ್ಟಿದ್ದಾರೆ. ಒಂದು ಗುಳ್ಳೆಯೂ ದಾಟಲಿಲ್ಲ. ತೂತಿಲ್ಲ ಎಂದು ರಿಪೋರ್ಟು ಬಂತು.

"ಕಾರಣ ಸಿಗಲಿಲ್ಲ," ಎಂದರು ಡಾಕ್ಟರಮ್ಮ, ಮುಖ ಚಿಕ್ಕದು ಮಾಡಿಕೊಂಡು. "ಕೆಲವ್ರಿಗೆ ಹೀಗೂ ಆಗುತ್ತೆ. ಮಾತ್ರೆ ಕೊಡ್ತೀನಿ. ಹುಷಾರಾಗಿರಿ."

ಹುಷಾರಾಗಿರಿ ಎಂದರೆ ಹೇಗಿರಬೇಕು? ಯಾವುದಕ್ಕೆ ಹೆದರಬೇಕೆಂದು ತಿಳಿಯದವಳು ಎಲ್ಲದಕ್ಕೂ ಹೆದರಬೇಕು. ಬಟ್ಟೆ ಮಡಚಿ ಚೀಲಕ್ಕೆ ತುಂಬಿದೆ. ಹೊರಡುವ ಹೊತ್ತಿಗೆ ಇವರು ಅಂಗಿಯ ಜೇಬು ತಡಕಾಡತೊಡಗಿದರು.

"ನನ್ನ ಕನ್ನಡಿ ಇಲ್ಲ ಕಣೇ. ಎಕೋ ರೂಮಲ್ಲಿ ಅಂಗಿ ಬಿಚ್ಚಿದ್ದೆ, ಅಲ್ಲೇ ಬಿದ್ದಿರ್ಬೇಕು."

ಬೆರಳಿಗೆ ಅಭ್ಯಾಸವಾಗಲಿ ಎಂದು ಆ ಭೂತಗನ್ನಡಿಯನ್ನು ಬಲಗೈಯಲ್ಲಿ ಉರುಳಿಸುತ್ತ ಕೂರುತ್ತಿದ್ದರು. "ನಿಮಗೆ ಜೀವಕ್ಕಿಂತ ಆ ಗಾಜಿನ ಚೂರೇ ಹೆಚ್ಚು" ಎಂದು ಗೊಣಗುತ್ತ ಮೂರು ಮಹಡಿ ಹತ್ತಿದೆ.

ಎಕೋ ಅಕ್ಕ ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು, ಇನ್ನೊಂದು ಕೈಯಿಂದ ಭುಜ ಒತ್ತಿಕೊಳ್ಳುತ್ತ ನಿಂತಿದ್ದರು. ಕನ್ನಡಿ ಯಂತ್ರದ ಮೇಲಿತ್ತು.

"ಇದು ನಿಮ್ಮ ಯಜಮಾನ್ರದಾ? ಏನಿದು ಅಂತ ನೋಡ್ತಾ ಇದ್ದೆ," ಎಂದರು. "ಪಾಪ, ಎಷ್ಟು ಸಾಧು. ಎಲ್ರೂ ಕೆಮ್ಮೋದೇನು, ನಗೋದೇನು. ಇವರು ಉಸಿರು ಹಿಡಿದಿದ್ದೇ ಗೊತ್ತಾಗ್ಲಿಲ್ಲ."

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಅದರಲ್ಲಿ ಅವರು ಉಸ್ತಾದ್ರು ಬಿಡಿ. ಗಡಿಯಾರ ರಿಪೇರಿ ಮಾಡೋರು. ಮೂಗಿನ ಮುಂದೆ ಕಾಗದ ತೂಗುಹಾಕಿ ಕಲಿಸಿದಾರೆ ನಮ್ಮ ಮಾವ. ಮೊದಲ್ನೇ ಸಲ ನೋಡಿ ನಾನು ಹೋಗೇಬಿಟ್ರು ಅಂದ್ಕೊಂಡಿದ್ದೆ."

ಎಕೋ ಅಕ್ಕ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಬಿಸ್ಕತ್ತು ಅಗಿಯುವುದು ನಿಂತಿತು.

"ಹಿಡಿಯುವಾಗ ಮುಖ ಕೆಂಪಾಗುತ್ತಾ?"

"ಎಲ್ಲಿ ಬಂತು. ಕೆನ್ನೆ ಕೂಡ ಅಲ್ಲಾಡಲ್ಲ."

"ಕತ್ತಿನ ನರ ಉಬ್ಬುತ್ತಾ?"

"ಇಲ್ಲಪ್ಪ. ಬಿಗಿಹಿಡಿಯಬಾರದು, ಸುಮ್ನೆ ನಿಲ್ಲಿಸ್ಬೇಕು ಅಂತಾರೆ ಅವರು. ಅವತ್ತು ಶಟರು ಎತ್ತುವಾಗ ಉಬ್ಬಿತ್ತು, ನೋಡಿದೀನಿ."

"ಯಾವತ್ತು?"

"ಸ್ಟ್ರೋಕ್ ಆದ ದಿನ. ಶಟರು ಸಿಕ್ಕಿಕೊಂಡಿತ್ತು, ತಿಣುಕಿ ಎತ್ತಿದ್ರು. ಎತ್ತಿ ತಿರುಗಿದ್ದೇ ಬಾಯಿ ಸೊಟ್ಟಗಾಯ್ತು."

ಎಕೋ ಅಕ್ಕ ಬಿಸ್ಕತ್ತನ್ನು ಮೇಜಿನ ಮೇಲಿಟ್ಟರು.

"ತಪ್ಪಾಯ್ತು," ಎಂದರು. "ನಂದೇ ತಪ್ಪು. ಉಸಿರು ನಿಲ್ಲಿಸಿದ್ರೆ ಸಾಲದು, ಎದೆಯೊಳಗೆ ಒತ್ತಡ ಏರ್ಬೇಕು. ಏರಿದ್ಯಾ ಅಂತ ನಾನು ಪರದೆ ಮೇಲೆ ನೋಡ್ಬೇಕಿತ್ತು. ಭುಜ ಸಿಡೀತಾ ಇತ್ತು, ಇವರೊಬ್ರು ಹೇಳಿದ ಹಾಗೆ ಕೇಳಿದ್ರಲ್ಲ ಅಂತ ಖುಷಿಪಟ್ಟು ಬಿಟ್ಬಿಟ್ಟೆ."

ನನ್ನ ಮೈಯೆಲ್ಲ ಉರಿಯಿತು. ನಿಮ್ಮ ಖುಷಿಗೆ ನನ್ನ ಗಂಡನನ್ನು ಮನೆಗೆ ಕಳಿಸುತ್ತಿದ್ದಿರಲ್ಲ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಹೆಂಗಸು ಫೋನ್ ಎತ್ತಿ, "ಡಾಕ್ಟ್ರೇ, ಆ ಗಡಿಯಾರದವರನ್ನ ಕಳಿಸ್ಬೇಡಿ. ನಾನು ಕೊಟ್ಟ ರಿಪೋರ್ಟು ತಪ್ಪು. ಹ್ಞೂಂ, ನನ್ನಿಂದಲೇ. ಮತ್ತೆ ಮಾಡ್ಬೇಕು, ಈಗಲೇ" ಎನ್ನುತ್ತಿದ್ದರು. ನಾನೂ ಕೆಲಸದವಳು. ಅಂಗಿಯ ತೋಳು ತಪ್ಪಾಗಿ ಕತ್ತರಿಸಿದ ಮೇಲೆ ಬಟ್ಟೆಯದೇ ದೋಷ ಎಂದು ಸಾಧಿಸಿದ ದಿನಗಳು ನನಗೂ ನೆನಪಿವೆ. ತೆರೆದ ಬಾಯಿ ಮುಚ್ಚಿಕೊಂಡೆ.

ಈ ಸಲ ನನ್ನನ್ನೂ ಒಳಗೆ ಕರೆದರು. ಇವರು ಎಡಮಗ್ಗುಲಿಗೆ ಮಲಗಿದ್ದರು, ಎದೆಯ ಮೇಲೆ ಬೆಚ್ಚನೆ ಜೆಲ್ಲು.

"ತಿಣುಕಿ ಅಂದಾಗ ತಿಣುಕಲಿಲ್ವಂತಲ್ಲ ರೀ?" ಎಂದೆ.

"ನಾಚಿಕೆ ಆಯ್ತು ಕಣೇ," ಎಂದರು ಗೋಡೆಗೆ ಮುಖ ಮಾಡಿ. "ಇಬ್ರು ಹೆಂಗಸರ ಮುಂದೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಅದಕ್ಕೆ ನನಗೆ ಗೊತ್ತಿರೋ ಹಾಗೆ ಹಿಡಿದೆ."

ನರ್ಸು ಕಿಸಕ್ಕನೆ ನಕ್ಕಳು. ಎಕೋ ಅಕ್ಕ ನನ್ನ ಅಂಗೈ ತೆಗೆದು ಇವರ ಹೊಟ್ಟೆಯ ಮೇಲೆ, ಪಕ್ಕೆಲುಬಿನ ಕೆಳಗೆ ಇಟ್ಟರು. "ನೀವು ಒತ್ತಿ ಹಿಡೀರಿ. ಅವರು ಹೊಟ್ಟೆಯಿಂದ ನಿಮ್ಮ ಕೈನ ಆಚೆ ತಳ್ಳಬೇಕು. ನಾನು ಬಿಡಿ ಅನ್ನೋವರೆಗೂ."

ಮೊದಲ ಸಲ ತಳ್ಳಿದ್ದು ತಳ್ಳಿದ ಹಾಗೇ ಇರಲಿಲ್ಲ. "ಗಟ್ಟಿಯಾಗಿ ರೀ" ಎಂದರೆ, "ನಿನ್ನ ಕೈಗೆ ನೋವಾಗುತ್ತೆ" ಎಂದರು. ಇಂಥವರ ಜೊತೆ ಬಾಳುವುದೆಂದರೆ ಹೀಗೆ. ನಾನು ಬಾಗಿ ಅವರ ಕಿವಿಯಲ್ಲಿ ಹೇಳಿದೆ, "ರೀ, ಶಟರು ಸಿಕ್ಕಿಕೊಂಡಿದೆ. ಗಿರಾಕಿ ಕಾಯ್ತಾ ಇದಾರೆ. ಎತ್ತಿ."

ಎತ್ತಿದರು. ಹೊಟ್ಟೆ ಕಲ್ಲಾಯಿತು, ನನ್ನ ಕೈ ಹಿಂದಕ್ಕೆ ಸರಿಯಿತು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಅದು ಆ ಬೆಳಗಿನ ಮುಖವೇ. ನಾನೇ ನನ್ನ ಕೈಯಾರೆ ಇನ್ನೊಂದು ಸ್ಟ್ರೋಕನ್ನು ಕರೆಯುತ್ತಿದ್ದೇನೆ, ಸಾಕು ನಿಲ್ಲಿಸಿ ಎಂದು ಕೂಗಬೇಕೆನ್ನಿಸಿತು. ತುಟಿ ಕಚ್ಚಿಕೊಂಡು ಒತ್ತಿ ಹಿಡಿದೆ. ನರ್ಸು ನೊರೆನೀರು ಚುಚ್ಚಿದಳು. ಪರದೆಯ ಮೇಲೆ ಹೃದಯದ ಒಂದು ಭಾಗ ಬೆಳ್ಳಗೆ ತುಂಬಿತು, ಬಕೆಟ್ಟಿನಲ್ಲಿ ಸೋಪಿನ ನೊರೆ ಏಳುವ ಹಾಗೆ.

"ಬಿಡಿ," ಎಂದರು ಎಕೋ ಅಕ್ಕ.

ಬಿಟ್ಟರು. ಒಂದು ಬಡಿತ. ಎರಡು. ಎಡಭಾಗದ ಕತ್ತಲಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು. ಆಮೇಲೆ ಮೂರು. ಆಮೇಲೆ ಎಣಿಸಲು ಆಗದಷ್ಟು.

"ಬಂತು," ಎಂದರು ಎಕೋ ಅಕ್ಕ ಮೆಲ್ಲಗೆ.

"ಏನ್ ಬಂತು?" ಎಂದರು ಇವರು, ಗೋಡೆ ನೋಡುತ್ತಲೇ. ಮಾತು ಸ್ಪಷ್ಟವಾಗಿತ್ತು. ಬಲಗೈ ಬೆರಳು ಹಾಸಿಗೆಯ ಅಂಚನ್ನು ಹಿಡಿದಿತ್ತು. ನಾನು ಅದನ್ನೇ ಮೊದಲು ನೋಡಿದ್ದು.

"ನಿಮ್ಮ ಹೃದಯದಲ್ಲಿ ತೂತಿದೆಯಂತೆ ರೀ," ಎಂದೆ. ಹೇಳಿ ಅಳತೊಡಗಿದೆ. ಗಂಡನ ಹೃದಯದಲ್ಲಿ ತೂತಿದೆಯೆಂದು ಸಂತೋಷಕ್ಕೆ ಅತ್ತವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಎಕೋ ಅಕ್ಕ ಜೆಲ್ಲು ಒರೆಸುವ ಕಾಗದವನ್ನೇ ನನ್ನ ಕೈಗೆ ಕೊಟ್ಟರು.

ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ತಾಯಿಯ ಹೊಟ್ಟೆಯಲ್ಲಿದ್ದಾಗ ಎಲ್ಲರ ಹೃದಯದಲ್ಲೂ ಬಾಗಿಲಿನಂಥ ಈ ತೂತು ಇರುತ್ತದಂತೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳುತ್ತದೆ. ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಅಂಟಿಕೊಳ್ಳುವುದಿಲ್ಲ, ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ. ಇವರದು ದೊಡ್ಡದು. ದಿನಕ್ಕೆ ಹತ್ತು ಗಂಟೆ ಸ್ಟೂಲಿನ ಮೇಲೆ ಕೂತ ಕಾಲಿನಲ್ಲಿ ಒಂದು ಸಣ್ಣ ಹೆಪ್ಪು ಕಟ್ಟಿರಬಹುದು, ತಿಣುಕಿದಾಗ ಬಾಗಿಲು ತೆರೆದು ದಾಟಿರಬಹುದು.

"ದಾಟಿದ್ದನ್ನ ನಾವ್ಯಾರೂ ಕಣ್ಣಾರೆ ನೋಡಿಲ್ಲ," ಎಂದರು. "ಆದ್ರೆ ಬೇರೆ ಯಾವ ಕಾರಣವೂ ಇಲ್ಲ. ಇದೇ ಅಂತ ನಾನು ನಂಬ್ತೀನಿ. ಇದನ್ನ ಮುಚ್ಚಬಹುದು."

ಗಂಟಲಲ್ಲಿ ಕೊಳವೆ ಇಳಿಸಿ ಇನ್ನೂ ಹತ್ತಿರದಿಂದ ನೋಡಿ ಖಾತ್ರಿ ಮಾಡಿಕೊಂಡರು. ಆರು ವಾರದ ಮೇಲೆ ತೊಡೆಸಂದಿನ ರಕ್ತನಾಳದಿಂದ ಒಂದು ಸಣ್ಣ ಸಾಧನ ಒಳಗೆ ಕಳಿಸಿ ಮುಚ್ಚಿದರು. ಗೋಡೆಯ ಈ ಕಡೆ ಒಂದು ಬಿಲ್ಲೆ, ಆ ಕಡೆ ಒಂದು ಬಿಲ್ಲೆ, ನಡುವೆ ಸಣ್ಣ ಸೊಂಟ. ನನ್ನ ಭಾಷೆಯಲ್ಲಿ ಹೇಳಿದರೆ ಎರಡು ಕಡೆಯಿಂದ ಹಾಕಿದ ಗುಂಡಿ. ಹಿಂದಿನ ದಿನ ಇವರು ನಾಚಿಕೆ ಬಿಟ್ಟು ಕೇಳಿದ್ದು ಒಂದೇ, ಅದರ ಮಾದರಿ ಇದ್ದರೆ ತೋರಿಸ್ತೀರಾ ಎಂದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಆ ತಂತಿಯ ಹೆಣಿಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಒಳ್ಳೇ ಕೆಲಸ," ಎಂದು ಹಿಂದಕ್ಕೆ ಕೊಟ್ಟರು. ನನ್ನ ಅರ್ಧ ಭಯ ಅಲ್ಲೇ ಹೋಯಿತು.

ಶಟರಿಗೆ ಈಗ ಪ್ರತಿ ಸೋಮವಾರ ನಾನೇ ಎಣ್ಣೆ ಹಾಕುತ್ತೇನೆ. ಅವರಿಗೆ ಮುಟ್ಟಲು ಬಿಡುವುದಿಲ್ಲ. ಗಂಟೆಗೊಮ್ಮೆ ಎಬ್ಬಿಸಿ ಬೀದಿಯ ತುದಿವರೆಗೆ ನಡೆಸುತ್ತೇನೆ, ಔಷಧಿ ಅಂಗಡಿಯಣ್ಣ "ಗಾಡಿ ಹೊರಟಿತು" ಎಂದು ಕೀಟಲೆ ಮಾಡುತ್ತಾನೆ. ಮೊದಮೊದಲು ಬೆಲ್ಟು, ಬ್ಯಾಟರಿಯಂಥ ದಪ್ಪ ಕೆಲಸ ಮಾಡಿದರು. ನಾಲ್ಕು ತಿಂಗಳಾದ ಮೇಲೆ ಮತ್ತೆ ಸ್ಪ್ರಿಂಗಿಗೆ ಕೈಹಾಕಿದರು.

ಆಗ ಶುರುವಾಯಿತು ನನ್ನ ಕಷ್ಟ. ಅವರು ಉಸಿರು ನಿಲ್ಲಿಸಿದ ಕೂಡಲೇ ನನ್ನ ಎಣಿಕೆ ಹೊರಡುತ್ತಿತ್ತು. ಹಾಗೆ ನಿಲ್ಲಿಸುವುದರಿಂದ ಏನೂ ಆಗುವುದಿಲ್ಲ, ತೂತೂ ಮುಚ್ಚಿದೆ ಎಂದು ಡಾಕ್ಟರಮ್ಮ ನೂರು ಸಲ ಹೇಳಿದ್ದಾರೆ. ತಲೆ ಒಪ್ಪುತ್ತದೆ, ಕಾಲು ಒಪ್ಪುವುದಿಲ್ಲ. ಇಪ್ಪತ್ತಕ್ಕೆ ಬಂದರೆ ನನ್ನ ಕಾಲು ತುಳಿಯುವುದು ತಾನಾಗಿ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಸದ್ದೇ ಇರುತ್ತಿರಲಿಲ್ಲ. ಅವರು ಉಸಿರು ಬಿಟ್ಟು ಚಿಮಟ ಕೆಳಗಿಟ್ಟ ಮೇಲೆ ನಾನು ಮತ್ತೆ ತುಳಿಯುತ್ತಿದ್ದೆ. ಇದು ಅವರಿಗೆ ತಿಳಿದಿಲ್ಲ ಎಂದುಕೊಂಡಿದ್ದೆ. ಪರದೆ ಹೋದದ್ದೇ ಕಾಣದ ಮನುಷ್ಯ.

ಒಂದು ದಿನ ಮಧ್ಯಾಹ್ನ ಎಕೋ ಅಕ್ಕ ಅಂಗಡಿಗೆ ಬಂದರು. ನಿಂತುಹೋದ ಸಣ್ಣ ಕೈಗಡಿಯಾರವೊಂದನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು. ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟೆ. ಅವರ ರವಿಕೆಯ ಬಲಭುಜ ನೋಡಿ, ಮನೆಯಿಂದ ಒಂದು ತಂದು ಕೊಡಿ ಸರಿಮಾಡ್ತೀನಿ ಎಂದು ಹೇಳಿಯೂಬಿಟ್ಟೆ. ಇವರು ಗಡಿಯಾರ ಬಿಚ್ಚಿ ಬಾಗಿದರು. ಬೆನ್ನು ನಿಂತಿತು.

ಎಕೋ ಅಕ್ಕ ಚಹಾದ ಲೋಟ ಹಿಡಿದು ಆ ಬೆನ್ನನ್ನೇ ನೋಡುತ್ತಿದ್ದರು. ಹತ್ತು. ಹದಿನೈದು. ಇಪ್ಪತ್ತಕ್ಕೆ ನನ್ನ ಕಾಲು ನಿಂತಿತು. ಇಪ್ಪತ್ತೊಂಬತ್ತು. ಮೂವತ್ತು.

"ಉಸಿರು ಬಿಟ್ಟೆ ಕಣೇ," ಎಂದರು ಇವರು, ತಲೆ ಎತ್ತದೆ.

ಸ್ಪ್ರಿಂಗು ಇನ್ನೂ ಕೂತಿರಲಿಲ್ಲ. ಚಿಮಟದ ತುದಿಯಲ್ಲಿತ್ತು. ತುಟಿ ಪಿಟಕ್ಕೆನ್ನಬಾರದೆಂಬ ಮಾವನ ಕಟ್ಟಳೆಯನ್ನು ಅವರು ಹುಟ್ಟಿದಮೇಲೆ ಮೊದಲ ಸಲ ಮುರಿದಿದ್ದರು, ನನ್ನ ಯಂತ್ರದ ಸದ್ದು ನಿಂತಿತೆಂದು. ಎಷ್ಟು ದಿನದಿಂದ ಆ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದರೋ ಏನೋ. ಮಾತಿನ ಜೊತೆ ಸ್ಪ್ರಿಂಗು ಹಾರಿಹೋಯಿತು.

ಮೂವರೂ ನೆಲದ ಮೇಲೆ ಮಂಡಿಯೂರಿದೆವು. ನನಗೆ ಕಣ್ಣು ತುಂಬಿ ನೆಲವೇ ಕಾಣುತ್ತಿರಲಿಲ್ಲ, ಸುಮ್ಮನೆ ಕೈಯಾಡಿಸುತ್ತಿದ್ದೆ. ಅರ್ಧ ಗಂಟೆಯ ಮೇಲೆ ಎಕೋ ಅಕ್ಕನಿಗೆ ಯಂತ್ರದ ಕಾಲಿನ ಹತ್ತಿರ ಸಿಕ್ಕಿತು. ಇವರು ಅದನ್ನು ಚಿಮಟದಲ್ಲಿ ಎತ್ತಿಕೊಂಡು ಮತ್ತೆ ಮೇಜಿಗೆ ಹೋಗಿ ಬಾಗಿದರು, ಮತ್ತೆ ಬೆನ್ನು ನಿಂತಿತು. ನಾನು ಯಂತ್ರದ ಮುಂದೆ ಕೂತು ತುಳಿಯತೊಡಗಿದೆ. ಇಪ್ಪತ್ತು ದಾಟಿತು, ಮೂವತ್ತು ದಾಟಿತು, ನಾನು ತುಳಿಯುತ್ತಲೇ ಇದ್ದೆ.